ಲಾನ್ ಮೋವರ್ ಬ್ಲೇಡ್ ಸಾಣೆಗೆ ಬೆಂಚ್ ಗ್ರೈಂಡರಾ, ಆಂಗಲ್ ಗ್ರೈಂಡರಾ?

ಹೋಮ್‌ಸ್ಟೇ ಮುಂದಿನ ಹುಲ್ಲಿಗೆ 19 ಇಂಚಿನ ಪೆಟ್ರೋಲ್ ಮೋವರ್ ಇದೆ, ತೋಟಕ್ಕೆ ಎರಡು ಬ್ರಷ್ ಕಟರ್ ಇವೆ, ಪ್ರತಿ ಸಲ ಬ್ಲೇಡ್ ಹಿಡಿದು ಸಕಲೇಶಪುರ ಪೇಟೆಗೆ ಓಡಿ ಸಾಕಾಗಿದೆ, ಮನೆಯಲ್ಲೇ ಸಾಣೆ ಹಿಡಿಯಲು ಯಾವ ಗ್ರೈಂಡರ್ ತಗೊಳ್ಳಲಿ ಅಂತ ಕೇಳಿದ್ದೀರಿ. 4 ಇಂಚಿನ, ವೇಗ ಕಡಿಮೆ ಜಾಸ್ತಿ ಮಾಡಬಹುದಾದ ಆಂಗಲ್ ಗ್ರೈಂಡರ್ (ಕೈಯಲ್ಲಿ ಹಿಡಿದು ಆಡಿಸುವ, ತುದಿಯಲ್ಲಿ ಡಿಸ್ಕ್ ತಿರುಗುವ ಮೆಷಿನ್) ತಗೊಳ್ಳಿ. ಜೊತೆಗೆ ಬ್ಲೇಡನ್ನು ಕಚ್ಚಿ ಹಿಡಿಯಲು ಒಂದು ಗಟ್ಟಿ ವೈಸ್, ನಾಲ್ಕೈದು ಫ್ಲಾಪ್ ಡಿಸ್ಕ್ (ಮರಳು ಕಾಗದದ ಎಸಳು ಜೋಡಿಸಿದ ಡಿಸ್ಕ್), 10 ಇಂಚಿನ ಒಂದು ಚಪ್ಪಟೆ ಅರ. ನೀವು ಹೇಳಿದ ಕೆಲಸಕ್ಕೆ, ಮೇಜಿನ ಮೇಲೆ ಕೂರಿಸುವ, ಎರಡೂ ಪಕ್ಕ ಸಾಣೆಕಲ್ಲು ತಿರುಗುವ ಬೆಂಚ್ ಗ್ರೈಂಡರ್ ಬೇಡ.

ಅಂಗಡಿಯಲ್ಲಿ ಕೇಳಿದರೆ ಸಾಣೆಗೆ ಬೆಂಚ್ ಗ್ರೈಂಡರೇ ಸರಿ ಅನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಸಾಣೆ ಕೆಲಸದ ದೊಡ್ಡ ಶತ್ರು ಬಿಸಿ. ಅಂಚು ತೆಳ್ಳಗಿರುತ್ತದೆ, ಬಿಸಿ ಹೋಗಲು ಜಾಗ ಇರುವುದಿಲ್ಲ. ಮೊದಲು ತಿಳಿ ಹಳದಿ ಬಣ್ಣ ಬರುತ್ತದೆ. ಸುಮಾರು 300 ಡಿಗ್ರಿ ಮುಟ್ಟಿದರೆ ನೀಲಿಯಾಗುತ್ತದೆ. ನೀಲಿಯಾದ ಕಡೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ. ಆ ಜಾಗ ಮೆತ್ತಗಾಗಿ ಒಂದೆರಡು ಗಂಟೆಯಲ್ಲೇ ಮೊಂಡಾಗುತ್ತದೆ. ಎಷ್ಟೋ ಜನ ಬ್ಲೇಡ್ ಕಂಪನಿಯನ್ನು ಬೈಯುತ್ತಾರೆ, ಆದರೆ ಹಾಳಾಗಿದ್ದು ಸಾಣೆ ಹಿಡಿಯುವಾಗ.

ಈ ಬಿಸಿಗೆ ಮುಖ್ಯ ಕಾರಣ ಕಲ್ಲಿನ ಅಂಚು ಓಡುವ ವೇಗ. 6 ಇಂಚಿನ ಬೆಂಚ್ ಗ್ರೈಂಡರ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 2,800ರಿಂದ 2,950 ಸುತ್ತು ತಿರುಗುತ್ತದೆ. ಅಂದರೆ ಕಲ್ಲಿನ ಅಂಚು ಸೆಕೆಂಡಿಗೆ ಸುಮಾರು 23 ಮೀಟರ್ ಓಡುತ್ತದೆ. 4 ಇಂಚಿನ ಮಾಮೂಲಿ ಆಂಗಲ್ ಗ್ರೈಂಡರ್ 11,000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ದಾಟುತ್ತದೆ. ಎರಡೂವರೆ ಪಟ್ಟು. ಒಂದೇ ಕಡೆ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಸಾಕು, ಅಂಚು ನೀಲಿ. ಅದಕ್ಕೇ ವೇಗ ಬದಲಿಸುವ ಗ್ರೈಂಡರ್ ತಗೊಳ್ಳಿ ಅಂದಿದ್ದು. ಇವು ಸಾಮಾನ್ಯವಾಗಿ 2,800ರಿಂದ 11,000 ಸುತ್ತಿನವರೆಗೆ ಸಿಗುತ್ತವೆ. 5,000ಕ್ಕೆ ಇಟ್ಟರೆ ಅಂಚಿನ ವೇಗ ಸೆಕೆಂಡಿಗೆ 26 ಮೀಟರಿನ ಆಸುಪಾಸು ಬರುತ್ತದೆ. ಬೆಂಚ್ ಗ್ರೈಂಡರಿನ ಒಳ್ಳೆಯ ಗುಣ ಇಲ್ಲೇ ಸಿಕ್ಕಿತು, ಅಲ್ವಾ? ಮಾಮೂಲಿ ಗ್ರೈಂಡರಿಗಿಂತ ಬೆಲೆ ಸ್ವಲ್ಪ ಜಾಸ್ತಿ. ಕೊಡಿ. ವಾಟ್ ಮಾತ್ರ 850ಕ್ಕಿಂತ ಕಡಿಮೆ ಬೇಡ, ವೇಗ ಇಳಿಸಿದಾಗ ಸಣ್ಣ ಮೋಟಾರು ಉಸಿರು ಬಿಡುತ್ತದೆ.

ಇನ್ನು ಬೆಂಚ್ ಗ್ರೈಂಡರ್ ಯಾಕೆ ಬೇಡ ಅಂದೆ? ನಿಮ್ಮ ಮೋವರ್ ಬ್ಲೇಡ್ ಹೆಚ್ಚುಕಡಿಮೆ ಒಂದೂವರೆ ಅಡಿ ಉದ್ದ. ಅದನ್ನು ಸರಿಯಾದ ಕೋನದಲ್ಲಿ ಕಲ್ಲಿಗೆ ಕೊಡಲು ಹೋದರೆ ಇನ್ನೊಂದು ತುದಿ ಮೋಟಾರಿನ ಮೈಗೆ ತಾಗುತ್ತದೆ, ಇಲ್ಲವೇ ಪಕ್ಕದ ಕಲ್ಲಿಗೆ. ಆಗ ಕೋನ ತಪ್ಪುತ್ತದೆ, ಕೈ ಸೋಲುತ್ತದೆ. ಆಂಗಲ್ ಗ್ರೈಂಡರಿನಲ್ಲಿ ಬ್ಲೇಡ್ ವೈಸಿನಲ್ಲಿ ಅಲ್ಲಾಡದೆ ಕೂತಿರುತ್ತದೆ, ನೀವು ಮೆಷಿನ್ ಆಡಿಸುತ್ತೀರಿ. ಹಳೆಯ ಕೋನ ಕಣ್ಣೆದುರೇ ಕಾಣುತ್ತದೆ. ನಾನು ವೈಸ್ ಮೇಲೆ ಇಷ್ಟು ಒತ್ತಿ ಹೇಳುವುದು ಇದಕ್ಕೇ. ಕಾಲಲ್ಲಿ ಬ್ಲೇಡ್ ಮೆಟ್ಟಿಕೊಂಡು ಗ್ರೈಂಡರ್ ಹಿಡಿಯುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯ ಕಾರಣ ನಮ್ಮ ಮಲೆನಾಡಿನ ವೋಲ್ಟೇಜ್. ಬೆಂಚ್ ಗ್ರೈಂಡರಿನದು ಇಂಡಕ್ಷನ್ ಮೋಟಾರು. ವೋಲ್ಟೇಜ್ 230ರಿಂದ 170ಕ್ಕೆ ಇಳಿದರೆ ಅದರ ತಿರುಗುಬಲ ಅರ್ಧಕ್ಕೆ ಹತ್ತಿರ ಬೀಳುತ್ತದೆ. ಸ್ಟಾರ್ಟ್ ಆಗದೆ ಗುಂಯ್ ಅಂತ ನಿಂತರೆ ಕಾಯಿಲ್ ಸುಡುತ್ತದೆ. ಆಂಗಲ್ ಗ್ರೈಂಡರಿನದು ಕಾರ್ಬನ್ ಬ್ರಷ್ ಮೋಟಾರು. ಶಕ್ತಿ ಕಡಿಮೆಯಾಗುತ್ತದೆ, ಆದರೂ ತಿರುಗುತ್ತದೆ. ಕತ್ತಿ, ಗುದ್ದಲಿ, ಉಳಿ ಅಂತ ದಿನಾ ಸಾಣೆ ಇರುವ ದೊಡ್ಡ ಎಸ್ಟೇಟ್ ಆದರೆ ಬೆಂಚ್ ಗ್ರೈಂಡರ್ ಇಡಲೇಬೇಕು, ಆ ಮಾತು ಬೇರೆ.

ಡಿಸ್ಕ್ ವಿಷಯ ಗ್ರೈಂಡರಿಗಿಂತ ಮುಖ್ಯ ಅಂತಲೇ ಹೇಳುತ್ತೇನೆ. ಕಬ್ಬಿಣ ತುಂಡು ಮಾಡುವ 1 ಮಿಲಿಮೀಟರಿನ ತೆಳು ಡಿಸ್ಕ್ ಇರುತ್ತದಲ್ಲ, ಅದರ ಪಕ್ಕದಿಂದ ಉಜ್ಜಲೇಬಾರದು. ಅದು ಬಾಗುವ ಬಲಕ್ಕೆ ತಯಾರಾದದ್ದಲ್ಲ, ಒಡೆದು ಚೂರು ಹಾರುತ್ತದೆ. 6 ಮಿಲಿಮೀಟರಿನ ಗ್ರೈಂಡಿಂಗ್ ಡಿಸ್ಕ್ ಸುರಕ್ಷಿತ, ಆದರೆ ಬಿಸಿ ಜಾಸ್ತಿ ಮಾಡುತ್ತದೆ, ಗೀರೂ ಜಾಸ್ತಿ. ಕಲ್ಲಿಗೆ ಹೊಡೆದು ಅಂಚು ತುಂಬ ಕಿತ್ತುಹೋಗಿದ್ದರೆ ಮಾತ್ರ ಅದನ್ನು ಬಳಸಿ. ಉಳಿದಂತೆ 60 ಅಥವಾ 80 ಗ್ರಿಟ್‌ನ ಜಿರ್ಕೋನಿಯಾ ಫ್ಲಾಪ್ ಡಿಸ್ಕ್ (ಗ್ರಿಟ್ ಅಂದರೆ ಮರಳು ಎಷ್ಟು ನುಣುಪು ಅನ್ನುವ ಅಂಕೆ, ಜಿರ್ಕೋನಿಯಾ ಅಂದರೆ ಆ ಮರಳಿನ ಜಾತಿ). ಅದರ ಮರಳು ಕಾಗದದ ಎಸಳುಗಳು ಸವೆದಂತೆ ಹೊಸ ಮರಳು ಹೊರಗೆ ಬರುತ್ತದೆ, ಅಂಚು ತಂಪಾಗಿರುತ್ತದೆ, ಕೈಗೂ ಹಗುರ.

ಒಂದು ಕೆಟ್ಟ ಅಭ್ಯಾಸ ಎಲ್ಲ ಕಡೆ ಇದೆ. ಡಿಸ್ಕಿಗೆ ಅಡ್ಡ ಇರುವ ಗಾರ್ಡ್ ಬಿಚ್ಚಿ 4 ಇಂಚಿನ ಮೆಷಿನಿಗೆ 5 ಇಂಚಿನ ಡಿಸ್ಕ್ ಹಾಕುವುದು. 4 ಇಂಚಿನ ಡಿಸ್ಕಿನ ತೂತು 16 ಮಿಲಿಮೀಟರ್, 5 ಇಂಚಿನದು 22 ಮಿಲಿಮೀಟರಿಗೂ ಚೂರು ಜಾಸ್ತಿ. ಏನೋ ವಾಷರ್ ಕೊಟ್ಟು ಕೂರಿಸುತ್ತಾರೆ. ಡಿಸ್ಕ್ ಒಡೆದರೆ ತಡೆಯಲು ಗಾರ್ಡೂ ಇಲ್ಲ. ಕೆಲಸದವರಿಗೆ ಮೆಷಿನ್ ಕೊಡುವ ಮೊದಲೇ ಇದನ್ನು ಕಟ್ಟುನಿಟ್ಟಾಗಿ ಹೇಳಿ.

ಸಾಣೆ ಹಿಡಿಯುವ ದಿನ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ತೆಗೆಯಿರಿ. ಕೈಯಲ್ಲಿ ಬ್ಲೇಡ್ ತಿರುಗಿಸಿದರೂ ಎಂಜಿನ್ ಒಂದು ಸಲ ಹೊಡೆಯಬಹುದು. ಮೋವರ್ ಓರೆ ಮಾಡುವಾಗ ಏರ್ ಫಿಲ್ಟರ್ ಮತ್ತು ಕಾರ್ಬುರೇಟರ್ ಮೇಲಿರಲಿ, ಇಲ್ಲದಿದ್ದರೆ ಎಣ್ಣೆ ಫಿಲ್ಟರಿಗೆ ನುಗ್ಗುತ್ತದೆ. ಬ್ಲೇಡಿನ ನೆಲದ ಕಡೆಯ ಮೈಗೆ ಪೇಂಟಿನಲ್ಲಿ ಒಂದು ಗುರುತು ಹಾಕಿ, ವಾಪಸ್ ಹಾಕುವಾಗ ತಲೆಕೆಳಗಾಗಬಾರದು. ತಿರುಗದಂತೆ ಒಂದು ಮರದ ತುಂಡು ಕೊಟ್ಟು ಬೋಲ್ಟ್ ಬಿಚ್ಚಿ. ಗ್ರೈಂಡರನ್ನು ಮೋವರಿನಿಂದ, ಪೆಟ್ರೋಲ್ ಕ್ಯಾನಿನಿಂದ, ಹುಲ್ಲಿನ ಬಣವೆಯಿಂದ ದೂರ ಇಟ್ಟುಕೊಳ್ಳಿ. ಕಿಡಿ ಕಾರಿನ ಗಾಜಿಗೆ ಬಿದ್ದರೆ ಕಲೆ ಹೋಗುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಕಣ್ಣಿಗೆ ಪಕ್ಕ ಮುಚ್ಚುವ ಕನ್ನಡಕ ಬೇಕು. ಹೆಗಲ ಮೇಲೆ ಟವೆಲ್ ಇದ್ದರೆ ತೆಗೆದಿಡಿ.

ಮೋವರ್ ಬ್ಲೇಡಿಗೆ ಮೇಲ್ಮುಖದಿಂದ ಮಾತ್ರ ಸಾಣೆ. ಕೋನ ಸುಮಾರು 30 ಡಿಗ್ರಿ, ಕಂಪನಿಯ ಹಳೆಯ ಇಳಿಜಾರು ಹೇಗಿದೆಯೋ ಹಾಗೇ ಹೋಗಿ. ಡಿಸ್ಕ್ ಬ್ಲೇಡಿನ ಮೈಯಿಂದ ಅಂಚಿನ ಕಡೆಗೆ ತಿರುಗಿ ಹೊರಗೆ ಹೋಗುವಂತೆ ಹಿಡಿಯಿರಿ. ಅಂಚಿನಿಂದ ಒಳಕ್ಕೆ ನುಗ್ಗುವಂತೆ ಹಿಡಿದರೆ ಕಚ್ಚಿಕೊಂಡು ಒದೆಯುತ್ತದೆ. ಒತ್ತಬೇಡಿ, ಸವರಿದಂತೆ ಎಳೆಯಿರಿ. ಎರಡು ಮೂರು ಸಲ ಎಳೆದ ಮೇಲೆ ಮೆಷಿನ್ ನಿಲ್ಲಿಸಿ, ಅಂಚಿನ ಹಿಂದೆ ಬೆರಳಿಟ್ಟು ನೋಡಿ. ಮುಟ್ಟಲಾಗದಿದ್ದರೆ ನಿಂತು ಬಿಡಿ, ಆರಲಿ. ಕೊನೆಗೆ ಕೆಳಗಡೆ ಎದ್ದ ನವಿರು ಗರಿಯನ್ನು ಅರದಿಂದ ಒಂದೇ ಸಲ ಸವರಿ ತೆಗೆಯಿರಿ.

ಕ್ಷೌರದ ಕತ್ತಿಯಷ್ಟು ಹರಿತ ಮಾಡಲು ಹೋಗಬೇಡಿ. ಮೋವರ್ ಬ್ಲೇಡಿನ ಉಕ್ಕು ಚಾಕುವಿನಷ್ಟು ಗಡಸಲ್ಲ, ಕಲ್ಲಿಗೆ ತಾಗಿದಾಗ ಒಡೆದು ಹಾರದೆ ಬಾಗಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ತೀರಾ ತೆಳು ಅಂಚು ಮೊದಲ ಕಲ್ಲಿಗೇ ಮಡಚಿಕೊಳ್ಳುತ್ತದೆ. ಅರ್ಧ ಮಿಲಿಮೀಟರಿನಷ್ಟು ದಪ್ಪ ಉಳಿದರೆ ಚೆನ್ನ. ಸಾಣೆ ಬೇಕೋ ಬೇಡವೋ ಅನ್ನುವುದನ್ನು ಹುಲ್ಲೇ ಹೇಳುತ್ತದೆ. ಕತ್ತರಿಸಿದ ಮಾರನೇ ದಿನ ಹುಲ್ಲಿನ ತುದಿ ಬಿಳಿಚಿ ಕಂದಾಗಿ ಸಿಗಿದಂತೆ ಕಂಡರೆ ಬ್ಲೇಡ್ ಮೊಂಡಾಗಿದೆ. ಸಾಮಾನ್ಯವಾಗಿ 20ರಿಂದ 25 ಗಂಟೆ ಓಡಿದ ಮೇಲೆ ಒಂದು ಸಾಣೆ ಬೇಕಾಗುತ್ತದೆ. ನಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಇನ್ನೂ ಬೇಗ.

ಆಮೇಲೆ ತೂಕ ನೋಡುವುದು. ಇದನ್ನು ಬಿಡುವವರೇ ಜಾಸ್ತಿ. ಗೋಡೆಗೆ ಒಂದು ಮೊಳೆ ಹೊಡೆದು, ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ಸಿಕ್ಕಿಸಿ ಅಡ್ಡ ನಿಲ್ಲಿಸಿ. ಯಾವ ಕಡೆ ಕೆಳಗೆ ಬೀಳುತ್ತದೋ ಅದು ಭಾರ. ಆ ಕಡೆಯ ತುದಿಯಿಂದ ಸ್ವಲ್ಪ ಸವೆಸಿ, ಅಂಚು ಮುಟ್ಟಬೇಡಿ. ತೂಕ ತಪ್ಪಿದ ಬ್ಲೇಡ್ ನಿಮಿಷಕ್ಕೆ 3,000 ಸುತ್ತಿನ ಹತ್ತಿರ ತಿರುಗುವಾಗ ಇಡೀ ಮೆಷಿನ್ ನಡುಗುತ್ತದೆ, ಬೇರಿಂಗ್ ಹೋಗುತ್ತದೆ. ಸಾಣೆಯ ಖರ್ಚು ಉಳಿಸಿ ಎಂಜಿನ್ ಕಳಕೊಂಡರೆ ಏನು ಲಾಭ?

ಬ್ರಷ್ ಕಟರಿನದು ಬೇರೆ ಕಥೆ. ಅದರ ನಟ್ಟು ಹೆಚ್ಚಿನ ಮೆಷಿನ್‌ಗಳಲ್ಲಿ ಎಡ ಥ್ರೆಡ್, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಬಲ ಹಾಕಿ ಥ್ರೆಡ್ ಹಾಳು ಮಾಡಿಕೊಳ್ಳಬೇಡಿ. ಮೂರು ಹಲ್ಲಿನ ಬ್ಲೇಡಿಗೆ ದಿನನಿತ್ಯದ ಸಾಣೆ ಅರದಲ್ಲೇ ಸಾಕು. ಪೆಟ್ರೋಲ್ ತುಂಬುವಾಗ ಒಂದು ಹಲ್ಲಿಗೆ ನಾಲ್ಕು ಎಳೆತ, ಮೂರಕ್ಕೂ ಸಮನಾಗಿ. ಹಲ್ಲಿನ ಬುಡದ ಗುಂಡನೆ ಮೂಲೆಯನ್ನು ಚೂಪು ಮಾಡಬೇಡಿ, ಬಿರುಕು ಶುರುವಾಗುವುದೇ ಅಲ್ಲಿ. ಬಿರುಕು ಬಿಟ್ಟ ಬ್ಲೇಡನ್ನು ಪೇಟೆಯಲ್ಲಿ ವೆಲ್ಡ್ ಮಾಡಿಸುತ್ತಾರೆ, ಬಾಗಿದ್ದನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡುತ್ತಾರೆ. ಎರಡೂ ಬೇಡ. ಗುಜರಿಗೆ ಹಾಕಿ. ಅದು ತಿರುಗುವುದು ಒಬ್ಬ ಮನುಷ್ಯನ ಕಾಲಿನ ಪಕ್ಕದಲ್ಲಿ.

80 ಹಲ್ಲಿನ, ತುದಿಗೆ ಕಾರ್ಬೈಡ್ ಅನ್ನುವ ತೀರಾ ಗಡಸು ವಸ್ತು ಕೂರಿಸಿದ ಬ್ಲೇಡ್ ನಿಮ್ಮಲ್ಲಿದ್ದರೆ ಈ ಯಾವ ಡಿಸ್ಕೂ ಅದಕ್ಕೆ ಆಗುವುದಿಲ್ಲ. ಮಾಮೂಲಿ ಕಲ್ಲು ಕಾರ್ಬೈಡನ್ನು ಕೊರೆಯುವುದಿಲ್ಲ, ಸುಮ್ನೆ ಬಿಸಿ ಮಾಡುತ್ತದೆ. ಡೈಮಂಡ್ ಡಿಸ್ಕ್ ಬೇಕು, ಪ್ರತಿ ಹಲ್ಲಿನ ಕೋನವೂ ಬೇರೆ ಬೇರೆ ಇರಬಹುದು. ಮರದ ಕೆಲಸದ ಗರಗಸಕ್ಕೆ ಸಾಣೆ ಹಿಡಿಯುವ ಅಂಗಡಿಗೇ ಅದನ್ನು ಕೊಡಿ.

ಆನ್‌ಲೈನ್‌ನಲ್ಲಿ ಡ್ರಿಲ್ಲಿಗೆ ಸಿಕ್ಕಿಸುವ ಪುಟ್ಟ ಸಾಣೆಕಲ್ಲು ಕಾಣಿಸುತ್ತದೆ, ಅಗ್ಗ ಅನಿಸುತ್ತದೆ. ಕಲ್ಲು ಚಿಕ್ಕದು, ಬೇಗ ಗುಳಿ ಬೀಳುತ್ತದೆ. ಅದಕ್ಕೆ ದುಡ್ಡು ಹಾಕುವ ಬದಲು ಅದೇ ದುಡ್ಡಿಗೆ ಇನ್ನೊಂದು ಫ್ಲಾಪ್ ಡಿಸ್ಕ್ ತಗೊಳ್ಳಿ.

ಗ್ರೈಂಡರ್ ಕೊಳ್ಳುವಾಗ ಅಂಗಡಿಯಲ್ಲೇ ಒಮ್ಮೆ ಓಡಿಸಿ ನೋಡಿ. ಪಕ್ಕದ ಹಿಡಿ ಡಬ್ಬಿಯಲ್ಲಿ ಇದೆಯಾ, ಗಾರ್ಡ್ ಬೇಕಾದ ಕಡೆ ತಿರುಗಿ ನಿಲ್ಲುತ್ತದೆಯಾ, ಕಾರ್ಬನ್ ಬ್ರಷ್ ಬಿಡಿಯಾಗಿ ಸಿಗುತ್ತದೆಯಾ ಕೇಳಿ. ಬಾಷ್, ಮಕಿತಾ, ಡಿವಾಲ್ಟ್, ಇವುಗಳಲ್ಲಿ ನಿಮ್ಮ ಹತ್ತಿರದ ಪೇಟೆಯಲ್ಲಿ ಯಾವುದಕ್ಕೆ ಸರ್ವಿಸ್ ಇದೆಯೋ ಅದನ್ನೇ ತಗೊಳ್ಳಿ. ಮೋವರಿಗೆ ಒಂದು ಎಕ್ಸ್‌ಟ್ರಾ ಬ್ಲೇಡ್ ಕೂಡ ಇಟ್ಟುಕೊಳ್ಳಿ. ಗೆಸ್ಟ್ ಬರುವ ದಿನ ಬೆಳಿಗ್ಗೆ ಬ್ಲೇಡ್ ಕಲ್ಲಿಗೆ ಹೊಡೆದರೆ ಅದನ್ನು ಬದಲಿಸಿ ಕೆಲಸ ಮುಗಿಸಬಹುದು, ಸಾಣೆಯನ್ನು ಸಂಜೆ ನಿಧಾನಕ್ಕೆ ಹಿಡಿಯಬಹುದು. ಬ್ರಷ್ ಕಟರ್ ಬ್ಲೇಡ್ ಯಾವ ತರದ್ದು ಅಂತ ಗೊತ್ತಾಗದಿದ್ದರೆ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.