ಕೈಕೆಲಸದ ಕಟ್ಟೆ: ಹಿಂಬದಿ ನೋಡಿ ಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ದಸರೆಯ ಖರೀದಿಯದ್ದೇ. ಯಾರೋ ವಸ್ತುಪ್ರದರ್ಶನದಲ್ಲಿ ಕೊಂಡದ್ದು, ಯಾರಿಗೋ ಬೊಂಬೆ ಇಳಿಸುವಾಗ ಅಟ್ಟದಲ್ಲಿ ಸಿಕ್ಕಿದ್ದು. ನಾನು ಮಂಡ್ಯದ ಹೈಸ್ಕೂಲಿನಲ್ಲಿ 26 ವರ್ಷ ಡ್ರಾಯಿಂಗ್ ಹೇಳಿಕೊಟ್ಟವಳು. ಮಕ್ಕಳು ಏನೇ ಮಾಡಿ ತಂದರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದೆ. ಮೈಸೂರಿಗೆ ಬಂದ ಮೇಲೂ ಆ ಅಭ್ಯಾಸ ಹೋಗಿಲ್ಲ. ಈ ತಿಂಗಳು ಐದು ಪತ್ರಗಳಿಗೆ ಉತ್ತರ ಬರೆದಿದ್ದೇನೆ.

ಮೇಡಂ, ಮಗಳ ಗೃಹಪ್ರವೇಶಕ್ಕೆ ಕೊಡೋಣ ಅಂತ ಅಂಬಾರಿ ಆನೆಯ ಇನ್‌ಲೇ (ಮರದಲ್ಲಿ ಮರ ಕೂರಿಸಿದ) ಚಿತ್ರ ನೋಡಿದೆವು. ಒಂದು ಕಡೆ 900 ರೂಪಾಯಿ, ಇನ್ನೊಂದು ಕಡೆ ಅಷ್ಟೇ ಅಳತೆಯದ್ದಕ್ಕೆ 6,500. ನಮ್ಮ ಕಣ್ಣಿಗೆ ಎರಡೂ ಒಂದೇ ಥರ ಕಂಡವು. ಅಸಲಿ ಯಾವುದು ಅಂತ ಹೇಗೆ ತಿಳಿಯುವುದು?
*– ಕುವೆಂಪುನಗರದ ಓದುಗರು*

ಅವಸರ ಮಾಡದೆ ಕೇಳಿದ್ದು ಒಳ್ಳೆಯದಾಯಿತು. ನಾನು ಕೇಳದೆ ಕೊಂಡು ಮೋಸ ಹೋಗಿದ್ದೆ. ಹದಿನೈದು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಇಂಥದ್ದೇ ಆನೆ ತಂದು ಹಾಲ್‌ನಲ್ಲಿ ಹಾಕಿದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆನೆಯ ಬಣ್ಣ ಬಿಳಿಚಿಕೊಂಡಿತು. ಒಂದು ಮೂಲೆ ಎದ್ದು ಬಂತು. ಉಗುರಿನಲ್ಲಿ ಕೆದಕಿ ನೋಡಿದರೆ ಅದು ಮರವೇ ಅಲ್ಲ, ಹಲಗೆ ಮೇಲೆ ಅಂಟಿಸಿದ ಕಾಗದ. ಮೇಲೆ ದಪ್ಪಗೆ ವಾರ್ನಿಷ್ ಹೊಡೆದಿದ್ದರು. ತುಂಬಾ ಬೇಜಾರಾಯಿತು. ಹೋಗಿದ್ದು ದುಡ್ಡು ಮಾತ್ರ ಆಗಿದ್ದರೆ ಇಷ್ಟು ಅನ್ನಿಸುತ್ತಿರಲಿಲ್ಲ. ನಿಜವಾಗಿ ಕೂತು ಕೆಲಸ ಮಾಡುವವನ ಅನ್ನವನ್ನು ಆ ಕಾಗದ ಕಿತ್ತುಕೊಂಡಿತ್ತು.

ಆಮೇಲೆ ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಮಾಡುವವರ ಮನೆಗೆ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ. ಕಿಟಕಿ ಪಕ್ಕದ ಚಿಕ್ಕ ಜಾಗ. ಚಿತ್ರವನ್ನು ಕಾಗದದ ಮೇಲೆ ಬರೆದು, ತುಂಡು ತುಂಡಾಗಿ ಕತ್ತರಿಸಿ, ತೆಳುವಾದ ಬೇರೆ ಬೇರೆ ಮರದ ಹಾಳೆಗಳ ಮೇಲೆ ಅಂಟಿಸಿಕೊಂಡಿದ್ದರು. ಹಳದಿಗೆ ಹಲಸಿನ ಮರ, ಕೆಂಪಿಗೆ ರಕ್ತಚಂದನ, ಹೀಗೆ. ಬಣ್ಣ ಬಳಿಯುವ ಮಾತೇ ಇಲ್ಲ, ಮರದ ಬಣ್ಣವೇ ಬಣ್ಣ. ದಾರದಷ್ಟು ಸಣ್ಣ ಗರಗಸದಲ್ಲಿ ಆನೆಯ ಕಿವಿ ಕೊಯ್ಯುತ್ತಿದ್ದರು. ಗರಗಸ ನಿಂತ ಕಡೆಯೇ ನಿಂತಿರುತ್ತೆ, ತಿರುಗುವುದು ಮರದ ತುಂಡು. ಹಾಗೆ ಕೊಯ್ದ ತುಂಡುಗಳನ್ನು ಬೀಟೆ ಹಲಗೆಯ ಮೇಲೆ ಜೋಡಿಸಿ, ಸುತ್ತ ಗೆರೆ ಎಳೆದು, ಅಷ್ಟು ಜಾಗವನ್ನು ಉಳಿಯಲ್ಲಿ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಒಣಗಿದ ಮೇಲೆ ಉಜ್ಜಿ ಸಮ ಮಾಡುತ್ತಾರೆ.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಒಂದು ವಿಷಯ. ಕಿವಿಯ ತುಂಡು ಕೊಯ್ಯುವ ಮೊದಲು ಅವರು ಮರದ ಹಾಳೆಯನ್ನು ಕೈಯಲ್ಲಿ ಹಿಡಿದು ಎರಡು ಮೂರು ಸಲ ತಿರುಗಿಸಿದರು. ಯಾಕೆ ಅಂತ ಕೇಳಿದೆ. "ಎಳೆ ನೋಡ್ತಿದೀನಿ ಅಮ್ಮ. ಸೊಂಡಿಲಲ್ಲಿ ಎಳೆ ಕೆಳಕ್ಕೆ ಹರೀಬೇಕು, ಕಿವೀಲಿ ಅಡ್ಡ ಬರಬೇಕು. ಇಲ್ಲಾಂದ್ರೆ ಕಿವಿ ಮೈಗೆ ಅಂಟಿಕೊಂಡ ಹಂಗೆ ಕಾಣುತ್ತೆ" ಅಂದರು. ಮರದ ಎಳೆಯಲ್ಲೇ ಚಿತ್ರ ಬರೆಯುತ್ತಿದ್ದಾರೆ ಅಂತ ಆಗ ಗೊತ್ತಾಯಿತು. 26 ವರ್ಷ ಡ್ರಾಯಿಂಗ್ ಹೇಳಿಕೊಟ್ಟರೂ ನನಗೆ ಅದು ಹೊಳೆದಿರಲಿಲ್ಲ.

ನೀವೂ ಅದನ್ನೇ ನೋಡಿ. ಚಿತ್ರವನ್ನು ಅಂಗಡಿಯ ಬಾಗಿಲ ಬೆಳಕಿಗೆ ತಂದು ಓರೆಯಾಗಿ ಹಿಡಿಯಿರಿ. ಅಸಲಿಯಾದರೆ ಒಂದೊಂದು ತುಂಡಿನ ಎಳೆ ಒಂದೊಂದು ದಿಕ್ಕಿಗೆ ಹೊಳೆಯುತ್ತದೆ. ತುಂಡುಗಳು ಸೇರುವ ಕಡೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅಚ್ಚು ಹಾಕಿದ್ದಾದರೆ ಇಡೀ ಮೇಲ್ಮೈ ಒಂದೇ ಸಮ ಹೊಳೆಯುತ್ತದೆ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿದರೆ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ಕಾಣುತ್ತವೆ. ಆಮೇಲೆ ಹಿಂಬದಿಗೆ ತಿರುಗಿಸಿ ಅಂಚು ನೋಡಿ. ಇಡೀ ಬೀಟೆಯೋ, ಪ್ಲೈವುಡ್ ಮೇಲೆ ತೆಳುವಾದ ಬೀಟೆಯೋ ಅಂತ ಅಲ್ಲಿ ತಿಳಿಯುತ್ತದೆ. ಪ್ಲೈವುಡ್ ಹಾಕುವುದು ತಪ್ಪಲ್ಲ, ಹೇಳದೆ ಬೀಟೆಯ ರೇಟು ಕೇಳುವುದು ತಪ್ಪು. ಮೆಷಿನ್‌ನಲ್ಲಿ ಲೇಸರ್ ಬಿಟ್ಟು ಕೊಯ್ದ ತುಂಡುಗಳೂ ಈಗ ಬರುತ್ತವೆ. ಅವುಗಳ ಅಂಚು ಸುಟ್ಟ ಹಾಗೆ ಕಂದಾಗಿರುತ್ತದೆ. ಅದೂ ಮರವೇ, ಆದರೆ ಕೈಗರಗಸದ ಬೆಲೆ ಅದಕ್ಕೆ ಕೊಡಬೇಕಾಗಿಲ್ಲ.

ಯಾರಾದರೂ ಬಿಳಿ ಭಾಗ ತೋರಿಸಿ "ಇದು ಆನೆ ದಂತ" ಅಂದರೆ ಅಲ್ಲಿಂದ ಎದ್ದು ಬನ್ನಿ. ಹಿಂದೆ ದಂತವನ್ನೇ ಕೂರಿಸುತ್ತಿದ್ದರು, ಮೈಸೂರು ಅರಮನೆಯ ಅಂಬಾವಿಲಾಸ ದರ್ಬಾರಿನ ಬೀಟೆ ಬಾಗಿಲಲ್ಲಿ ಅದನ್ನು ಈಗಲೂ ನೋಡಬಹುದು. ಈಗ ದಂತದ ವ್ಯಾಪಾರಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಇವತ್ತಿನ ಬಿಳಿ ಅಂದರೆ ಪ್ಲಾಸ್ಟಿಕ್ಕು ಇಲ್ಲವೇ ತಿಳಿ ಬಣ್ಣದ ಮರ.

ಕೊಳ್ಳುವ ಮೊದಲು ಕಣ್ಣಿಗೆ ಅಭ್ಯಾಸ ಆಗಲಿ ಅಂದರೆ ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಕಾವೇರಿ ಎಂಪೋರಿಯಂಗೆ ಹೋಗಿ ಅರ್ಧ ಗಂಟೆ ಸುಮ್ನೆ ನೋಡಿಕೊಂಡು ಬನ್ನಿ. 6,500 ಜಾಸ್ತಿ ಅನ್ನಿಸಿದರೆ ದೊಡ್ಡ ನಕಲಿ ಬೇಡ, ಚಿಕ್ಕ ಅಸಲಿ ತಗೊಳ್ಳಿ. ಅಂಗೈ ಅಗಲದ ಒಂದು ಡಬ್ಬಿಯಾದರೂ ಸಾಕು. ಮಗಳಿಗೆ ಮಾತ್ರ ಹೇಳಿ, ಬಿಸಿಲು ಬೀಳುವ ಗೋಡೆಗೆ ಹಾಕುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ.

ಟೀಚರ್, ವಸ್ತುಪ್ರದರ್ಶನದಲ್ಲಿ ಮಗನಿಗೆ ಟಪಟಪ ಅನ್ನುವ ತಗಡಿನ ದೋಣಿ ಕೊಡಿಸಿದೆ. ಮೊದಲ ದಿನ ಚೆನ್ನಾಗಿ ಓಡಿತು. ಎರಡನೇ ದಿನದಿಂದ ದೀಪ ಉರಿಯುತ್ತೆ, ದೋಣಿ ಕದಲುವುದಿಲ್ಲ. ಒಳಗೆ ಮೋಟಾರೂ ಇಲ್ಲ, ಕೀಲಿಯೂ ಇಲ್ಲ. ಮಗ ದಿನಾ ಅಳುತ್ತಾನೆ.
*– ಮಂಡ್ಯ ಸುಭಾಷ್ ನಗರದ ಓದುಗರು*

ಅಳಬೇಡ ಅಂತ ಹೇಳಿ ಅವನಿಗೆ, ದೋಣಿ ಕೆಟ್ಟಿಲ್ಲ. ಕೊಳವೆಯಲ್ಲಿ ಗಾಳಿ ಸೇರಿಕೊಂಡಿರುತ್ತೆ, ಅಷ್ಟೇ.

ದೋಣಿಯನ್ನು ತಲೆಕೆಳಗೆ ಮಾಡಿ. ಹಿಂಭಾಗದಲ್ಲಿ ಎರಡು ಸಣ್ಣ ಕೊಳವೆ ಕಾಣುತ್ತವೆ. ಔಷಧಿ ಹಾಕುವ ಡ್ರಾಪರ್ ತಗೊಂಡು ಒಂದು ಕೊಳವೆಗೆ ನಿಧಾನಕ್ಕೆ ನೀರು ಬಿಡಿ. ಇನ್ನೊಂದರಿಂದ ನೀರು ಉಕ್ಕುವವರೆಗೂ ಬಿಡಬೇಕು. ಎರಡೂ ಬಾಯಿಗೆ ಬೆರಳು ಒತ್ತಿಕೊಂಡು ಟಬ್ಬಿನ ನೀರಿಗೆ ಇಳಿಸಿ, ನೀರಿನೊಳಗೆ ಬೆರಳು ತೆಗೆಯಿರಿ. ಈಗ ದೀಪ ಹಚ್ಚಿ. ಸ್ವಲ್ಪ ಹೊತ್ತಿಗೇ ಟಪಟಪ ಶುರುವಾಗಬೇಕು. ಆಗಲೂ ಆಗದಿದ್ದರೆ ದೀಪದ ಮೇಲಿನ ತಗಡಿಗೆ ಕಟ್ಟಿದ ಮಸಿ ಒರೆಸಿ ನೋಡಿ.

ಮಗನಿಗೆ ಒಳಗಿನ ಗುಟ್ಟನ್ನೂ ತೋರಿಸಿಕೊಡಿ. ದೋಣಿಯ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ತಗಡಿನ ಡಬ್ಬಿ. ದೀಪದ ಬಿಸಿಗೆ ಅದರೊಳಗಿನ ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ದಬ್ಬುತ್ತದೆ, ದೋಣಿ ಮುಂದೆ ಹೋಗುತ್ತದೆ. ಆ ಆವಿ ಕೊಳವೆಯ ತಣ್ಣನೆ ಭಾಗ ಮುಟ್ಟಿದ ಕೂಡಲೇ ಮತ್ತೆ ನೀರಾಗುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನ ನೀರು ನುಗ್ಗುತ್ತದೆ. ಇದೇ ಮತ್ತೆ ಮತ್ತೆ. ಡಬ್ಬಿಯ ಮೇಲಿನ ತೆಳು ತಗಡು ಉಬ್ಬಿ ತಗ್ಗುವ ಸದ್ದೇ ಆ ಟಪಟಪ. ಥಾಮಸ್ ಪಿಯೊ ಅನ್ನುವವರು 1891ರಲ್ಲೇ ಇಂಗ್ಲೆಂಡಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಅರ್ಜಿ ಹಾಕಿದ್ದರು.

ಮಗ ಚುರುಕಾಗಿದ್ದರೆ ಒಂದು ಪ್ರಶ್ನೆ ಕೇಳುತ್ತಾನೆ. ನೀರು ಒಳಗೆ ನುಗ್ಗುವಾಗ ದೋಣಿ ವಾಪಸ್ ಬರಬೇಕಲ್ವಾ ಅಂತ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೇಳಿದ್ದಳು. ಅವಳಿಗೆ ಒಂದು ಮೇಣದಬತ್ತಿ ಹಚ್ಚಿಕೊಟ್ಟು ಒಂದು ಅಡಿ ದೂರದಿಂದ ಊದು ಅಂದೆ, ಆರಿತು. ಮತ್ತೆ ಹಚ್ಚಿ, ಅಷ್ಟೇ ದೂರದಿಂದ ಉಸಿರು ಒಳಗೆ ಎಳೆದು ಆರಿಸು ಅಂದೆ. ಎಷ್ಟು ಎಳೆದರೂ ಆರಲಿಲ್ಲ. ಊದುವ ಗಾಳಿ ಒಂದೇ ಕಡೆಗೆ ನೆಟ್ಟಗೆ ಹೋಗುತ್ತದೆ, ಎಳೆಯುವ ಗಾಳಿ ಸುತ್ತ ಎಲ್ಲಾ ಕಡೆಯಿಂದ ಬರುತ್ತದೆ. ದೋಣಿಯ ನೀರೂ ಹಾಗೇ. ಹೊರಗೆ ಹೋಗುವಾಗ ಒದೆಯುತ್ತದೆ, ಒಳಗೆ ಬರುವಾಗ ಸುತ್ತಲಿಂದ ಮೆತ್ತಗೆ ಬರುತ್ತದೆ.

ಬ್ಯಾಟರಿ ಇಲ್ಲ, ತಿರುಗುವ ಒಂದು ಚಕ್ರವೂ ಇಲ್ಲ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ಆಟದ ಸಾಮಾನು ನಾನು ನೋಡಿಲ್ಲ. ಬೆಂಕಿಯ ಕೆಲಸ, ನೀವು ಪಕ್ಕದಲ್ಲೇ ಇರಿ. ತಗಡಿನ ಅಂಚು ಕೈ ಕೊಯ್ಯುತ್ತೆ, ಜೋಪಾನ. ಟಬ್ಬಿನಲ್ಲೇ ಆಡಲಿ, ನಾಲೆ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ.

ಮೊಮ್ಮಗುವಿನ ಚನ್ನಪಟ್ಟಣದ ಗೊಂಬೆಗಳನ್ನು ಬಿಸಿನೀರಲ್ಲಿ ತೊಳೆದು ಸ್ಯಾನಿಟೈಜರ್ ಹಾಕಿ ಒರೆಸಿದೆ. ಹೊಳಪು ಹೋಗಿ ಅಂಟು ಅಂಟಾಗಿವೆ. ಬಣ್ಣ ಕೆಟ್ಟದ್ದೇ?
*– ಮದ್ದೂರಿನ ಓದುಗರು*

ಇಲ್ಲಮ್ಮ, ಬಣ್ಣದ ತಪ್ಪಿಲ್ಲ. ಅದು ಅರಗು. ಗೊಂಬೆ ಮಾಡುವಾಗ ಗರಗರ ತಿರುಗುವ ಆಲೆ ಮರದ (ಬಿಳಿಯ ಮೆದು ಮರ) ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಹಾಗೆ ಬಿಸಿಯಲ್ಲಿ ಹತ್ತಿದ್ದು ಬಿಸಿಯಲ್ಲೇ ಮೆತ್ತಗಾಗುತ್ತದೆ. ಸ್ಯಾನಿಟೈಜರ್‌ನಲ್ಲಿರುವ ಸ್ಪಿರಿಟ್ ಅಂತೂ ಅರಗನ್ನು ಕರಗಿಸಿಯೇ ಬಿಡುತ್ತದೆ. ಎರಡು ದಿನ ನೆರಳಲ್ಲಿ ಒಣಗಲು ಬಿಡಿ, ಆಮೇಲೆ ಮೆತ್ತನೆ ಒಣ ಬಟ್ಟೆಯಲ್ಲಿ ಉಜ್ಜಿ. ಹೊಳಪು ಎಲ್ಲಾ ಅಲ್ಲದಿದ್ದರೂ ಸ್ವಲ್ಪ ವಾಪಸ್ ಬರುತ್ತದೆ. ಇನ್ನು ಮೇಲೆ ಹಿಂಡಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಟ್ಟು ಬರಬೇಡಿ.

ಅಟ್ಟದಲ್ಲಿ ಒಂದು ಮರದ ಡಬ್ಬಿ ಸಿಕ್ಕಿತು. ಒಳಗೆ ದುಂಡಗಿನ ಎಲೆಗಳು, ಒಂದೊಂದರ ಮೇಲೂ ಕೈಯಲ್ಲಿ ಬರೆದ ಚಿತ್ರ. ಮೀನು, ಆಮೆ, ಹಂದಿ, ಕೊಡಲಿ ಎಲ್ಲಾ ಇವೆ. ಎಣಿಸಿದರೆ 113. ಏನಿದು?
*– ಶ್ರೀರಂಗಪಟ್ಟಣದ ಓದುಗರು*

ನಿಮ್ಮ ಪತ್ರ ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅದು ದಶಾವತಾರ ಗಂಜೀಫಾ, ನಮ್ಮ ಹಳೇ ಕಾಲದ ಇಸ್ಪೀಟು. ಅವತಾರಕ್ಕೆ 12 ಎಲೆಯಂತೆ 10 ಅವತಾರಕ್ಕೆ 120 ಎಲೆ. ಪ್ರತಿ ಗುಂಪಿನಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದದ್ದು ಒಂದರಿಂದ ಹತ್ತು. ಮೀನು ಮತ್ಸ್ಯನದು, ಕೊಡಲಿ ಪರಶುರಾಮನದು. ನಿಮ್ಮಲ್ಲಿ ಏಳು ಎಲೆ ಕಮ್ಮಿ ಇವೆ. ಡಬ್ಬಿ ಇದ್ದ ಜಾಗದಲ್ಲಿ ಇನ್ನೊಮ್ಮೆ ಹುಡುಕಿ.

ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಈ ಆಟದ ಮೇಲೆ ಎಷ್ಟು ಪ್ರೀತಿ ಅಂದರೆ, ಇದ್ದದ್ದು ಸಾಲದು ಅಂತ ಹೊಸ ಹೊಸ ಗಂಜೀಫಾಗಳನ್ನೇ ರೂಪಿಸಿದರು. ಆಮೇಲೆ ಅಚ್ಚಿನ ಇಸ್ಪೀಟು ಬಂದು ಇದು ಮೂಲೆ ಸೇರಿತು. ನಮ್ಮ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಈ ಕಲೆಯನ್ನು ಮತ್ತೆ ಕೈಗೆತ್ತಿಕೊಂಡರು, ಅವರ ಹೆಸರಿಗೇ ಗಂಜೀಫಾ ಸೇರಿಕೊಂಡಿದೆ.

ದಯವಿಟ್ಟು ಒರೆಸಬೇಡಿ, ನೀರು ತಾಗಿಸಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಅಂಚಿನಲ್ಲಿ ಹಿಡಿದು ಎತ್ತಿ. ಎಲೆಗಳ ನಡುವೆ ಬಿಳಿ ಹತ್ತಿ ಬಟ್ಟೆ ಇಟ್ಟು ಅದೇ ಡಬ್ಬಿಯಲ್ಲಿಡಿ. ಎರಡೂ ಬದಿಯ ಫೋಟೊ ತೆಗೆದು ಕಳಿಸಿ. ಹಿಂಬದಿ ಒಂದೇ ಬಣ್ಣಕ್ಕಿದ್ದರೆ ಎಲ್ಲವೂ ಒಂದೇ ಕಟ್ಟಿನವು ಅಂದುಕೊಳ್ಳಬಹುದು. ಗುಜರಿಯವರು, ಹಳೇ ಸಾಮಾನು ಕೊಳ್ಳುವವರು ಬಂದು ಆಸೆ ತೋರಿಸಿದರೆ ಅವಸರಕ್ಕೆ ಕೊಟ್ಟುಬಿಡಬೇಡಿ.

ಅಡುಗೆಮನೆ ಹೊಸದು ಮಾಡಿಸಿದ್ದೇವೆ. ಅತ್ತೆಯ ಈಳಿಗೆ ಮಣೆ ತುಕ್ಕು ಹಿಡಿದಿದೆ, ಗುಜರಿಗೆ ಹಾಕೋಣ ಅಂತ ನಮ್ಮೆಜಮಾನರು. ಅತ್ತೆಗೆ ಅದು ಬೇಕು, ಆದರೆ ಮಂಡಿ ನೋವು, ನೆಲದ ಮೇಲೆ ಕೂರಲಾಗದು. ಏನು ಮಾಡಲಿ ಮೇಡಂ?
*– ಮೈಸೂರು ಸರಸ್ವತಿಪುರಂನ ಓದುಗರು*

ಗುಜರಿಗೆ ಹಾಕಬೇಡಿ. ಒಂದು ಸಲ ಅದನ್ನು ಹೊಸಬರ ಕಣ್ಣಲ್ಲಿ ನೋಡಿ. ಚಾಕುವಿನಲ್ಲಿ ಒಂದು ಕೈ ಚಾಕುವಿಗೇ ಹೋಗುತ್ತದೆ. ಈಳಿಗೆಯಲ್ಲಿ ಮಣೆಯನ್ನು ಕಾಲು ಹಿಡಿಯುತ್ತದೆ, ಎರಡು ಕೈಯೂ ತರಕಾರಿಗೇ ಉಳಿಯುತ್ತವೆ. ಅಲಗು ನಿಂತಲ್ಲೇ ನಿಂತಿರುತ್ತದೆ. ತುದಿಯಲ್ಲಿ ಕಾಯಿ ತುರಿಯಲು ಹಲ್ಲು. ಕೆಲಸ ಮುಗಿದರೆ ಮಡಚಿ ಮಲಗಿಸಬಹುದು. ಇದಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ ಸಾಮಾನು ನಿಮ್ಮ ಹೊಸ ಅಡುಗೆಮನೆಯಲ್ಲಿ ಇನ್ನೊಂದು ಇದೆಯಾ?

ತುಕ್ಕಿಗೆ ಹುಣಸೆಹಣ್ಣು, ಕಲ್ಲುಪ್ಪು ಸೇರಿಸಿ ತೆಂಗಿನ ನಾರಿನಲ್ಲಿ ಉಜ್ಜಿ. ಅಲಗಿನ ಬೆನ್ನಿನ ಕಡೆಯಿಂದಲೇ ಉಜ್ಜಬೇಕು, ಬಾಯಿಯ ಕಡೆಗೆ ಕೈ ಹೋಗಬಾರದು. ತೊಳೆದು ಕೂಡಲೇ ಒಣಗಿಸಿ ಕೊಬ್ಬರಿ ಎಣ್ಣೆ ಸವರಿ. ಹಲಸಿನಕಾಯಿ, ಬಾಳೆಹೂವು ಹೆಚ್ಚುವ ದಿನ ಮೊದಲೇ ಎಣ್ಣೆ ಸವರಿಕೊಂಡರೆ ಅಂಟು ಹಿಡಿಯುವುದಿಲ್ಲ.

ಮಂಡಿ ನೋವಿಗೆ ನಾನು ನಮ್ಮ ಅಮ್ಮನಿಗೆ ಮಾಡಿಸಿದ್ದನ್ನು ಹೇಳುತ್ತೇನೆ. ಬಡಗಿಗೆ ಹೇಳಿ ಒಂದೂವರೆ ಅಡಿ ಎತ್ತರ, ಎರಡೂವರೆ ಅಡಿ ಉದ್ದದ ಗಟ್ಟಿ ಬೆಂಚು ಮಾಡಿಸಿದೆ. ಒಂದು ತುದಿಗೆ ಹಳೇ ಮಣೆಯನ್ನೇ ನಾಲ್ಕು ಬೋಲ್ಟ್ ಹಾಕಿ ಕೂರಿಸಿದರು. ಇನ್ನೊಂದು ತುದಿಯಲ್ಲಿ ಅಮ್ಮ ಕೂರುತ್ತಿದ್ದರು, ಕಾಲು ನೆಲಕ್ಕೆ ಊರಿಕೊಂಡು. ಮೈಭಾರವೇ ಬೆಂಚನ್ನು ಹಿಡಿಯುತ್ತಿತ್ತು, ಅಲುಗಾಡುತ್ತಿರಲಿಲ್ಲ. ಎತ್ತರದಲ್ಲಿ ಇರುವುದರಿಂದ ಓಡಾಡುವವರಿಗೆ ತಗಲಬಾರದು, ಅಲಗು ಮಡಚದೆ ಏಳಲೇಬಾರದು.

ಆ ಮಣೆ ಈಗ ನನ್ನ ಹತ್ತಿರ ಇದೆ. ಅಲಗಿನ ನಡುವೆ ಒಂದು ಕಡೆ ಬಿದಿಗೆ ಚಂದ್ರನ ಹಾಗೆ ಸವೆದಿದೆ. ನಲವತ್ತು ವರ್ಷ ಹುರುಳಿಕಾಯಿ ಅಲ್ಲೇ ಹೆಚ್ಚಿದ್ದು. ಮಣೆಯ ಎಡಗಡೆ ಪಾದ ಊರುತ್ತಿದ್ದ ಜಾಗ ನುಣ್ಣಗೆ ತಗ್ಗಾಗಿದೆ. ಬಡಗಿ ಅದನ್ನು ಹತ್ತರಿ ಹೊಡೆದು ಸಮ ಮಾಡಿಕೊಡ್ತೀನಿ ಅಂದಿದ್ದರು, ನಾನು ಬೇಡ ಅಂದೆ. ನಿಮ್ಮ ಬಡಗಿಗೂ ಮೊದಲೇ ಹೇಳಿಡಿ. ಅಲಗಿಗೆ ಸಾಣೆ ಹಿಡಿಸುವುದಾದರೆ ಸೈಕಲ್ ಮೇಲೆ ಬರುವ ಸಾಣೆಯವರು ಸಾಕು. ಹಿಡಿಸುವಾಗ ಅತ್ತೆಯನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಎಷ್ಟು ಹರಿತ ಬೇಕು ಅಂತ ಅವರಿಗೇ ಗೊತ್ತು.