ಎಥಿಲೀನ್ ಬರಬೇಕಾದಲ್ಲಿ ಹೈಡ್ರೋಜನ್!

ಪ್ರಶ್ನೆ: ಎಂ.ಟೆಕ್ ಪ್ರಾಜೆಕ್ಟಿಗೆ ತಾಮ್ರದ ತಗಡಿನ ಮೇಲೆ ವಿದ್ಯುತ್ ಹಾಯಿಸಿ ಕಾರ್ಬನ್ ಡೈಆಕ್ಸೈಡನ್ನು ಎಥಿಲೀನ್ (ಪ್ಲಾಸ್ಟಿಕ್ಕಿಗೆ ಮೂಲವಾದ ಅನಿಲ) ಮಾಡುತ್ತಿದ್ದೇನೆ. ದ್ರಾವಣ 0.1 ಮೋಲಾರ್ ಪೊಟ್ಯಾಸಿಯಂ ಬೈಕಾರ್ಬೊನೇಟ್. ಅರ್ಧ ಗಂಟೆ ಎಥಿಲೀನ್ ಸಿಗುತ್ತದೆ, ಆಮೇಲೆ ಬರೀ ಹೈಡ್ರೋಜನ್. ತಾಮ್ರ ಕೆಟ್ಟಿತೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತಾಮ್ರವನ್ನು ದೂರುವ ಮೊದಲು ಬೈಕಾರ್ಬೊನೇಟ್ ಉಪ್ಪಿನ ಬಾಟಲಿ ನೋಡಿ. ಅದರಲ್ಲಿರುವ ಕಬ್ಬಿಣ, ಸತುವಿನ ಲವಲೇಶವೂ ತಾಮ್ರದ ಮೇಲೆ ಕೂತು ಮೇಲ್ಮೈಯನ್ನು ಹಾಳುಗೆಡವುತ್ತದೆ. ಕಬ್ಬಿಣಕ್ಕಂತೂ ಹೈಡ್ರೋಜನ್ ಬಿಡಿಸುವುದೇ ಸಲೀಸು. ಬಳಸುವ ಮುನ್ನ ದ್ರಾವಣಕ್ಕೆ ಬೇರೊಂದು ಎಲೆಕ್ಟ್ರೋಡ್ ಇಳಿಸಿ, ಸಣ್ಣ ಕರೆಂಟಿನಲ್ಲಿ ರಾತ್ರಿಯಿಡೀ ಬಿಡಿ. ಲೋಹದ ಕಲ್ಮಶವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಎದುರಿನ ಎಲೆಕ್ಟ್ರೋಡ್ ಪ್ಲಾಟಿನಂ ಆಗಿದ್ದರೆ ನಡುವೆ ಮೆಂಬ್ರೇನ್ (ತೆಳು ತಡೆಪೊರೆ) ಇರಲೇಬೇಕು. ಇಲ್ಲದಿದ್ದರೆ ಕರಗಿದ ಪ್ಲಾಟಿನಂ ಈಚೆ ಬಂದು ತಾಮ್ರಕ್ಕೆ ಮೆತ್ತಿಕೊಂಡು ಅದೇ ಕಾಟ ಕೊಡುತ್ತದೆ. ಪಿಎಚ್ ಕೂಡ ಅಳೆಯಿರಿ: ಕಾರ್ಬನ್ ಡೈಆಕ್ಸೈಡ್ ಅನಿಲ ಸರಿಯಾಗಿ ತುಂಬಿದ ದ್ರಾವಣ 6.8ರ ಆಸುಪಾಸಿನಲ್ಲಿರುತ್ತದೆ. 8 ದಾಟಿದ್ದರೆ ಅನಿಲ ಸಾಲುತ್ತಿಲ್ಲ.

ಇನ್ನು ಅಳತೆ. ಒಂದು ಎಥಿಲೀನ್ ಅಣುವಿಗೆ 12 ಎಲೆಕ್ಟ್ರಾನ್ ಬೇಕು. 10 ಮಿಲಿಆಂಪಿಯರ್ ಒಂದು ಗಂಟೆ ಹರಿದು, ಎಲ್ಲವೂ ಎಥಿಲೀನ್ ಆದರೂ ಸಿಗುವುದು ಮುಕ್ಕಾಲು ಮಿಲಿಲೀಟರ್! ನಿಮಿಷಕ್ಕೆ 20 ಮಿಲಿಲೀಟರ್ ಅನಿಲ ಹರಿಸಿದರೆ ಅದು ಸುಮಾರು 630 ಪಿಪಿಎಂ (ಹತ್ತು ಲಕ್ಷದಲ್ಲಿ 630 ಪಾಲು). ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮ್ಯಾಟೋಗ್ರಾಫನ್ನು ಶೇ 1ರ (ಅಂದರೆ 10,000 ಪಿಪಿಎಂ) ಎಥಿಲೀನ್ ಸಿಲಿಂಡರಿನಲ್ಲಷ್ಟೇ ಹೊಂದಿಸಿದ್ದರೆ ಅದು ತೋರಿಸುವ ಅಂಕಿಯನ್ನು ನಂಬಬೇಡಿ. ಇಂಗಾಲ-13 (ಇಂಗಾಲದ ತುಸು ಭಾರದ ರೂಪ) ಇರುವ ಕಾರ್ಬನ್ ಡೈಆಕ್ಸೈಡ್ ಹಾಕಿ ಒಮ್ಮೆ ಪರೀಕ್ಷಿಸಿದರೆ ಎಥಿಲೀನ್ ನಿಜಕ್ಕೂ ಕಾರ್ಬನ್ ಡೈಆಕ್ಸೈಡಿನದೋ, ಉಪಕರಣದ ಅಂಟು-ಗ್ರೀಸಿನದೋ ಗೊತ್ತಾಗುತ್ತದೆ. ದುಬಾರಿ ನಿಜ, ಆದರೆ ವಿಮರ್ಶಕರು ಮೊದಲು ಕೇಳುವುದೇ ಅದನ್ನು.

ಪ್ರಶ್ನೆ: ಪಿಎಚ್‌.ಡಿ.ಗೆ ಕಾರ್ಬನ್ ಡೈಆಕ್ಸೈಡನ್ನು ಹೈಡ್ರೋಜನ್ ಜೊತೆ ಸೇರಿಸಿ ಮೆಥನಾಲ್ ಮಾಡುವ ಮಾರ್ಗ ಹಿಡಿಯಬಹುದೇ?
– ಬಿ.ಇ. (ಕೆಮಿಕಲ್), ಮಂಗಳೂರು

ಉತ್ತರ: ಹಿಡಿಯಿರಿ, ಆದರೆ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಒಂದನ್ನೇ ನೆಚ್ಚಬೇಡಿ. ಒಂದು ಟನ್ ಮೆಥನಾಲಿಗೆ 1.375 ಟನ್ ಕಾರ್ಬನ್ ಡೈಆಕ್ಸೈಡ್, 188 ಕೆಜಿ ಹೈಡ್ರೋಜನ್ ಬೇಕು. ನೀರನ್ನು ಒಡೆದು ಆ ಹೈಡ್ರೋಜನ್ ಮಾಡಲು 9,000 ಯೂನಿಟ್‌ಗೂ ಹೆಚ್ಚು ವಿದ್ಯುತ್ ಹೋಗುತ್ತದೆ. ಹೀಗೆ ಮೆಥನಾಲ್ ಮಾಡುವ ಐಸ್‌ಲ್ಯಾಂಡಿನ ಜಾರ್ಜ್ ಓಲಾ ಘಟಕ ನಡೆದದ್ದು ಅಲ್ಲಿನ ಭೂಶಾಖ ಸ್ಥಾವರದ ಅನಿಲ, ವಿದ್ಯುತ್ ಎರಡೂ ಪಕ್ಕದಲ್ಲೇ ಇದ್ದುದರಿಂದ. ಜೊತೆಗೆ ಪ್ರತಿ ಟನ್ ಮೆಥನಾಲಿನೊಂದಿಗೆ ಅರ್ಧ ಟನ್ನಿಗೂ ಮಿಗಿಲಾಗಿ ನೀರು ಹುಟ್ಟುತ್ತದೆ. 250 ಡಿಗ್ರಿಯಲ್ಲಿ ಅದರ ಹಬೆಗೆ ಕ್ಯಾಟಲಿಸ್ಟಿನಲ್ಲಿರುವ ತಾಮ್ರದ ಕಣಗಳು ಕೂಡಿಕೊಂಡು ದಪ್ಪವಾಗುತ್ತವೆ, ಕ್ಯಾಟಲಿಸ್ಟ್ ಮಂಕಾಗುತ್ತದೆ. ಡಿಸ್ಟಿಲೇಷನ್, ಶಾಖದ ಲೆಕ್ಕ, ಉಳಿದ ಅನಿಲವನ್ನು ಮತ್ತೆ ಒಳಗೆ ತಳ್ಳುವ ಕಂಪ್ರೆಸರ್ ಇವನ್ನು ಬಲ್ಲವರು ಈ ಕ್ಷೇತ್ರದಲ್ಲಿ ಇನ್ನೂ ಕಡಿಮೆಯೇ.