ಮನೆ ಮಾರಿ ಮಗನ ಬಳಿ ಹೋಗಲೇ?

ಪ್ರಶ್ನೆ: ನನಗೆ 68 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯಿದೆ. ಅವರು ತೀರಿಕೊಂಡು ಎಂಟು ತಿಂಗಳಾಯಿತು, ವಿಲ್ ಬರೆದಿರಲಿಲ್ಲ. ಮಹಡಿಯ ರೂಮುಗಳಿಗೆ ಬೀಗ ಹಾಕಿ ಕೆಳಗೆ ಒಬ್ಬಳೇ ಇದ್ದೇನೆ. ಸಂಪಿನ ಮೋಟಾರು ಹಾಕಿ, ಟ್ಯಾಂಕ್ ತುಂಬಿತೇ ಎಂದು ನೋಡಲು ಮಂಡಿನೋವಿನಲ್ಲೇ ತಾರಸಿ ಹತ್ತುತ್ತೇನೆ. ರಾತ್ರಿ ಭಯವಾಗುತ್ತದೆ. ಬೆಂಗಳೂರಿನ ಮಗ, "ಮನೆ ಮಾರಿ ನಮ್ಮ ಜೊತೆ ಬಂದುಬಿಡಮ್ಮ, ಖಾತೆ ನನ್ನ ಹೆಸರಿಗೆ ಮಾಡಿಸಿದರೆ ಕೆಲಸ ಸುಲಭ" ಎನ್ನುತ್ತಾನೆ. ಶಿವಮೊಗ್ಗದಲ್ಲಿರುವ ಮಗಳು "ನಿನ್ನಿಷ್ಟ" ಎಂದು ಸುಮ್ಮನಾಗುತ್ತಾಳೆ. ಏನು ಮಾಡಲಿ?

ಉತ್ತರ: ಅಮ್ಮಾ, ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮಗನ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ, ಅವನ ಕಾಳಜಿ ನಿಜವೇ ಇರಬಹುದು. ಆದರೆ ಯಜಮಾನರ ವರ್ಷದ ತಿಥಿಯೂ ಆಗಿಲ್ಲ. ದುಃಖದಲ್ಲಿ ಮಾಡಿದ ವ್ಯವಹಾರವನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ವಿಲ್ ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವರ ಸ್ವಯಾರ್ಜಿತ ಆಸ್ತಿ ನಿಮಗೂ ಇಬ್ಬರು ಮಕ್ಕಳಿಗೂ ಸಮಪಾಲು. ನಿಮ್ಮ ಅತ್ತೆ ಬದುಕಿದ್ದರೆ ಅವರಿಗೂ ಒಂದು ಪಾಲುಂಟು. ಮಗಳಿಗೆ ಮದುವೆಯಾಗಿದೆ ಎಂಬ ಕಾರಣಕ್ಕೆ ಅವಳ ಪಾಲು ಹೋಗುವುದಿಲ್ಲ. ಖಾತೆ ಇರುವುದು ತೆರಿಗೆ ಕಟ್ಟಲು, ಒಡೆತನ ಅದರಿಂದ ಹುಟ್ಟುವುದಿಲ್ಲ. ಅದನ್ನು ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಮಾಡಿಸಿ. ಮನೆ ಮಗನೊಬ್ಬನದೇ ಆಗಬೇಕೆಂದರೆ ನೀವೂ ಮಗಳೂ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡಬೇಕು. ಆಮೇಲೆ ನೀವು ಅಲ್ಲಿರುವುದು ಅವನು ಇಟ್ಟುಕೊಂಡರೆ ಮಾತ್ರ. ಮುಂದೆ ಎಂದಾದರೂ ನಿಮ್ಮ ಪಾಲನ್ನು ಅವನಿಗೆ ದಾನಪತ್ರ ಮಾಡುವುದಾದರೆ, ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಿ. ಅವನು ಮಾತಿಗೆ ತಪ್ಪಿದರೆ, ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯಿದೆಯ 23ನೇ ಸೆಕ್ಷನ್ ಅಡಿ ಆ ಪತ್ರವನ್ನು ರದ್ದು ಮಾಡಿಸಲು ಕೇಳಬಹುದು. ಅದಕ್ಕಿಂತ ನಿಮ್ಮ ಪಾಲಿಗೊಂದು ವಿಲ್ ಬರೆದಿಡುವುದು ಒಳ್ಳೆಯದು. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ಮನಸ್ಸು ಬದಲಾದರೆ ಬೇರೆ ಬರೆಯಬಹುದು.

ಮಗಳ "ನಿನ್ನಿಷ್ಟ"ವನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಆಸ್ತಿಯ ಮಾತೆತ್ತಿದರೆ ತವರಿನ ಬಾಗಿಲು ಮುಚ್ಚೀತು ಎಂದು ಎಷ್ಟೋ ಹೆಣ್ಣುಮಕ್ಕಳು ಬಾಯಿ ಕಟ್ಟಿಕೊಂಡಿರುತ್ತಾರೆ. ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿ.

ಇನ್ನು ಭಯದ ಮಾತು. ಅದಕ್ಕೆ ಮನೆ ಮಾರುವುದೊಂದೇ ದಾರಿಯಲ್ಲ. ಟ್ಯಾಂಕ್ ತುಂಬಿದೊಡನೆ ಮೋಟಾರು ತಾನಾಗಿ ನಿಲ್ಲುವ ಸ್ವಿಚ್ಚನ್ನು ಈ ವಾರವೇ ಹಾಕಿಸಿ, ಆ ಮೆಟ್ಟಿಲು ಹತ್ತುವುದನ್ನು ಬಿಡಿ. ಮಹಡಿಯನ್ನು ಮಕ್ಕಳಿಬ್ಬರಿಗೂ ತಿಳಿಸಿಯೇ ಒಂದು ಸಣ್ಣ ಸಂಸಾರಕ್ಕೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಡಿ. ಮೇಲೆ ದೀಪ ಉರಿಯುತ್ತಿದ್ದರೆ, ಮಕ್ಕಳ ಸದ್ದು ಕೇಳುತ್ತಿದ್ದರೆ ನಿದ್ದೆ ತಾನಾಗಿ ಬರುತ್ತದೆ. ಕೈಗೆ ನಾಲ್ಕು ಕಾಸೂ ಬರುತ್ತದೆ.

ಆಮೇಲೆ ಮೂರು ತಿಂಗಳು ಮಗನ ಮನೆಯಲ್ಲಿ ಇದ್ದು ನೋಡಿ. ಹಬ್ಬಕ್ಕೆ ಹೋದ ನೆಂಟರಂತಲ್ಲ, ಅಲ್ಲೇ ಇರುವವರಂತೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಹೇಗೆ ಕಳೆಯುತ್ತದೆ, ಒಬ್ಬರೇ ದೇವಸ್ಥಾನಕ್ಕೋ ತರಕಾರಿಗೋ ಹೋಗಿಬರಲು ಆಗುತ್ತದೆಯೇ, ಬೇಕೆನಿಸಿದಾಗ ಒಲೆ ಹಚ್ಚಿ ಕಾಫಿ ಮಾಡಿಕೊಳ್ಳುವಷ್ಟು ಸಲಿಗೆ ಅಡುಗೆಮನೆಯಲ್ಲಿದೆಯೇ, ಗಮನಿಸಿ. ಮನಸ್ಸು ಅಲ್ಲೇ ಒಗ್ಗಿದರೆ ಸಂತೋಷ, ಆಗ ಮಾರುವ ಮಾತಾಡಿ. ಆ ಮಾತು ಫೋನಿನಲ್ಲಿ ಬೇಡ. ಇಬ್ಬರನ್ನೂ ಮೈಸೂರಿಗೇ ಕರೆಸಿ.